ಸೊನ್ನೆ ಮೀಟರ್ ಆಳ

ಸಮುದ್ರತಳ ಸಂಶೋಧನಾ ನೌಕೆಗಳ ತಾಂತ್ರಿಕ ಬೆಂಬಲ ಇಲಾಖೆಯಲ್ಲಿ ನೌಕೆ ಒಂದು, ನೌಕರರು ಮೂರು ಅಂತಸ್ತು. ನೌಕೆಯು ಬಂದರಿನ ಕೊನೆಯ ಕಟ್ಟೆಗೆ ಹಗ್ಗ ಬಿಗಿದುಕೊಂಡು ನಿಂತಿತ್ತು. ಇಲಾಖೆಯು ಊರಿನ ಇನ್ನೊಂದು ತುದಿಯಲ್ಲಿ, ಸಮುದ್ರ ಕಣ್ಣಿಗೆ ಬೀಳದಷ್ಟು ದೂರದಲ್ಲಿ ಇತ್ತು. ಉಪ್ಪುಗಾಳಿಗೆ ಕಡತಗಳ ಗುಂಡುಸೂಜಿ ತುಕ್ಕು ಹಿಡಿಯುತ್ತದೆ ಎಂಬುದು ಇದಕ್ಕೆ ಕೊಟ್ಟ ಕಾರಣ. ಗುಂಡುಸೂಜಿಗಳು ಅಂದಿನಿಂದ ಇಂದಿನವರೆಗೆ ಫಳಫಳ ಹೊಳೆಯುತ್ತಿರುವುದರಿಂದ ಆ ತೀರ್ಮಾನ ಸರಿಯಾಗಿತ್ತೆಂದೇ ಹೇಳಬೇಕು.

ಈ ಮೂರು ಅಂತಸ್ತಿನ ನೌಕರರಲ್ಲಿ, ಕಪ್ತಾನರನ್ನು ಬಿಟ್ಟರೆ, ದಿನವೂ ಹಡಗಿನೊಳಗೆ ಕೂತು ಕೆಲಸ ಮಾಡುತ್ತಿದ್ದವಳು ಸೋನಾರಕ್ಕ ಒಬ್ಬಳೇ. ಅವಳ ಹೊಣೆಯಲ್ಲಿ ಸೋನಾರ್ ಎಂಬ ಯಂತ್ರವಿತ್ತು. ಹಡಗಿನ ಹೊಟ್ಟೆಯಡಿಯಿಂದ ನೀರಿನೊಳಕ್ಕೆ ಸದ್ದು ಬಿಡುವುದು, ಆ ಸದ್ದು ತಳಕ್ಕೆ ಬಡಿದು ಎಷ್ಟು ಹೊತ್ತಿಗೆ ಮರಳಿತೆಂದು ನೋಡಿ ಸಮುದ್ರದ ಆಳ ಹೇಳುವುದು, ಇಷ್ಟು ಅದರ ಕಸುಬು. ಯಂತ್ರದ ಹೆಸರೇ ಅವಳಿಗೂ ಅಂಟಿತ್ತು. ಕೇಂದ್ರ ಕಚೇರಿಯಲ್ಲಿ ಸೋನಾರಕ್ಕ ಎಂದರೆ ಸೊನಗಾರರ ಪೈಕಿ ಎಂದು ತಿಳಿದು, ಮುರಿದ ಕಿವಿಯೋಲೆಗಳನ್ನು ಕಾಗದದಲ್ಲಿ ಸುತ್ತಿ ಬಂದರಿಗೆ ಕಳಿಸಿದ ಗುಮಾಸ್ತರೂ ಇದ್ದರು. ಅವಳು ಬೆಸುಗೆ ಹಾಕಿ ವಾಪಸ್ ಕಳಿಸುತ್ತಿದ್ದಳು. ಬೇರೆ ಕೆಲಸವೇನೂ ಇರುತ್ತಿರಲಿಲ್ಲ. ನೌಕೆ ಎಲ್ಲಿಗೂ ಹೋಗುತ್ತಿರಲಿಲ್ಲ. ಇಷ್ಟು ವರ್ಷ ಹಡಗಿನಲ್ಲಿ ದುಡಿದೂ ಅವಳು ಸಮುದ್ರಕ್ಕೆ ಹೋದವಳಲ್ಲ.

ಆ ವರ್ಷ ಮಾತ್ರ ನೌಕೆ ಹೊರಡುವುದು ಖಚಿತವಾಗಿತ್ತು. ಹಿಂದಿನ ವರ್ಷಗಳಲ್ಲೂ ಖಚಿತವೇ. ಆದರೆ ಈ ಸಲ ಖಚಿತತೆಯ ಮೇಲೆ ಮೊಹರು ಬಿದ್ದಿತ್ತು. ಹೊರಡಬೇಕಾದದ್ದು ಕಂದಕದ ಮೇಷ್ಟ್ರಿಗಾಗಿ. ದೂರ ಸಮುದ್ರದಲ್ಲೊಂದು ಕಡೆ ತಳ ಇದ್ದಕ್ಕಿದ್ದಂತೆ ಕುಸಿದು ಪಾತಾಳಕ್ಕೆ ಇಳಿಯುತ್ತದೆ, ಅಲ್ಲೊಂದು ಕಂದಕ ಇರಲೇಬೇಕು ಎಂದು ಈ ವಿಜ್ಞಾನಿ ಯೌವನದಲ್ಲೇ ಹೇಳಿದ್ದರು. ಅದನ್ನು ನೋಡಿ ಬರಲು ಹಡಗು ಕೇಳಿದ್ದರು. ಕೇಳುತ್ತ ಕೇಳುತ್ತ ತಲೆ ನರೆತು, ಕನ್ನಡಕ ದಪ್ಪವಾಗಿ, ನಿವೃತ್ತಿ ಬಾಗಿಲಿಗೆ ಬಂದು ನಿಂತಿತ್ತು.

"ಒಂದ್ಸಲ ನೋಡ್ಬಿಟ್ರೆ ಸಾಕಮ್ಮ," ಎನ್ನುತ್ತಿದ್ದರು ಸೋನಾರಕ್ಕನ ಬಳಿ. "ಇದ್ರೆ ಇದೆ, ಇಲ್ದಿದ್ರೆ ಇಲ್ಲ. ನಾನು ಜೀವಮಾನವೆಲ್ಲ ಬೊಗಳೆ ಬಿಟ್ನೋ ಇಲ್ವೋ, ಅಷ್ಟು ಗೊತ್ತಾಗ್ಲಿ."

ಹೊರಡುವ ಮುಂಚಿನ ಪರೀಕ್ಷೆಯಲ್ಲಿ ಸೋನಾರಕ್ಕ ಯಂತ್ರದ ಗುಂಡಿ ಒತ್ತಿದಳು. ಆಳ ಸೊನ್ನೆ ಮೀಟರ್ ಎಂದು ಪರದೆಯ ಮೇಲೆ ಬಂತು. ಮತ್ತೆ ಒತ್ತಿದಳು. ಮತ್ತೆ ಸೊನ್ನೆ. ಕಿಟಕಿಯಿಂದ ಬಗ್ಗಿ ನೋಡಿದಳು. ಸಮುದ್ರ ಇದ್ದ ಕಡೆಯೇ ಇತ್ತು. ಆಮೇಲೆ ಹಗ್ಗದ ತುದಿಗೊಂದು ಕ್ಯಾಮೆರಾ ಕಟ್ಟಿ ಇಳಿಸಿ ನೋಡಿದಾಗ ವಿಷಯ ತಿಳಿಯಿತು. ಹಡಗು ನಿಂತಲ್ಲೇ ನಿಂತದ್ದಕ್ಕೆ ಯಂತ್ರದ ಮುಖದ ತುಂಬ ಚಿಪ್ಪುಜೀವಿಗಳು ದಪ್ಪಗೆ ಕಚ್ಚಿಕೊಂಡು ಬೆಳೆದಿದ್ದವು.

ಅವಳು ಬಸ್ಸು ಹಿಡಿದು ಕೇಂದ್ರ ಕಚೇರಿಗೆ ಹೋಗಿ ಉಪನಿರ್ದೇಶಕರ ಎದುರು ನಿಂತಳು. ಉಪನಿರ್ದೇಶಕರು ದುಂಡಗಿನ ಮನುಷ್ಯ, ಮಾತು ಮೃದು. ಯಾರ ಮೇಲೂ ರೇಗಿದವರಲ್ಲ, ಯಾವ ಕೆಲಸವನ್ನೂ ಆಗಲು ಬಿಟ್ಟವರಲ್ಲ.

"ಸದ್ದು ಹೊರಗೆ ಹೋಗೋ ಮುಂಚೆನೇ ಚಿಪ್ಪಿಗೆ ಬಡಿದು ವಾಪಸ್ ಬರ್ತಾ ಇದೆ ಸಾರ್," ಎಂದು ವಿವರಿಸಿದಳು. "ಅದಕ್ಕೇ ಸೊನ್ನೆ ತೋರಿಸ್ತಿದೆ. ನೀರಿಗಿಳಿಯೋ ಒಬ್ಬನನ್ನ ಕರೆಸಿ ಕೆರೆಸಿದ್ರೆ ಮಧ್ಯಾಹ್ನದ ಊಟದೊಳಗೆ ಸರಿಹೋಗುತ್ತೆ."

"ಕೆರೆಸೋದು ಅಂದ್ರೆ, ರಿಪೇರಿ?"

"ಹೌದು ಸಾರ್."

"ನಮ್ಮ ಇಲಾಖೆ ಹೆಸರು ಹೇಳಿ ನೋಡೋಣ."

"ತಾಂತ್ರಿಕ ಬೆಂಬಲ..."

"ಬೆಂಬಲ," ಎಂದರು ಉಪನಿರ್ದೇಶಕರು, ಮಗುವಿಗೆ ಅಕ್ಷರ ತಿದ್ದಿಸುವ ದನಿಯಲ್ಲಿ. "ಇದರಲ್ಲಿ ರಿಪೇರಿ ಎಲ್ಲಿದೆಯಮ್ಮ? ಯಂತ್ರ ಒಂದು ಮಾತು ಹೇಳಿದೆ. ಆ ಮಾತನ್ನ ಬೆಂಬಲಿಸೋದು ನಮ್ಮ ಕೆಲಸ. ಇಂಥ ಹೊತ್ತಲ್ಲಿ ನಾವೇ ಅದರ ಕೈ ಬಿಟ್ರೆ ಅದು ಎಲ್ಲಿಗೆ ಹೋಗ್ಬೇಕು?"

"ಆದ್ರೆ ಸಾರ್, ಅದು ಹೇಳ್ತಿರೋದು ಸುಳ್ಳು."

"ಕಷ್ಟದಲ್ಲಿರೋರಿಗೇ ಅಲ್ವಾ ಬೆಂಬಲ ಬೇಕಾಗಿರೋದು?"

ಸೋನಾರಕ್ಕ ಬಸ್ಸು ಹಿಡಿದು ವಾಪಸಾದಳು. ಅವಳು ಬಂದರು ಮುಟ್ಟುವ ಮೊದಲೇ ಸುತ್ತೋಲೆ ಮುಟ್ಟಿತ್ತು:

"ಬಂದರಿನ ಕೊನೆಯ ಕಟ್ಟೆಯ ಬಳಿ ಸಮುದ್ರದ ಆಳವು ಸೊನ್ನೆ ಮೀಟರ್ ಇರುವುದಾಗಿ ಇಲಾಖೆಯ ಯಂತ್ರವು ವರದಿ ಮಾಡಿರುತ್ತದೆ. ಸದರಿ ವರದಿಗೆ ಇಲಾಖೆಯು ಸಂಪೂರ್ಣ ತಾಂತ್ರಿಕ ಬೆಂಬಲ ನೀಡಿರುತ್ತದೆ. ಈ ಕುರಿತು ಸಮುದ್ರವು ಯಾವುದೇ ಆಕ್ಷೇಪಣೆ ಸಲ್ಲಿಸಿರುವುದಿಲ್ಲ."

ಇಲ್ಲಿಂದ ಮುಂದೆ ಎಲ್ಲವೂ ನಿಯಮದಂತೆಯೇ ನಡೆಯಿತು. ಆಳ ಸೊನ್ನೆ ಇರುವ ಜಲಭಾಗವನ್ನು ಭೂಭಾಗವೆಂದು ಪರಿಗಣಿಸತಕ್ಕದ್ದು ಎಂದು ಭೂಮಾಪನ ಕಚೇರಿಯ ಕಾಯಿದೆಯಲ್ಲಿತ್ತು. ಭೂಭಾಗದ ಮೇಲೆ ನಿಂತು, ಬಾಗಿಲು ಕಿಟಕಿ ಶೌಚಾಲಯಗಳನ್ನು ಹೊಂದಿರುವ ರಚನೆಯನ್ನು ಕಟ್ಟಡವೆಂದು ಪರಿಗಣಿಸತಕ್ಕದ್ದು ಎಂದು ನಗರಸಭೆಯ ಕಾಯಿದೆಯಲ್ಲಿತ್ತು. ಹೀಗೆ ಒಂದು ಬೆಳಗ್ಗೆ ಹತ್ತಾರು ವರ್ಷಗಳ ಹಡಗು ಕಟ್ಟಡವಾಯಿತು. ನಗರಸಭೆಯವನೊಬ್ಬ ಬಂದು ಹಡಗಿನ ಮೂತಿಗೆ ಮನೆಸಂಖ್ಯೆಯ ತಗಡು ಹೊಡೆದು ಹೋದ.

ಭೂಮಾಪನದವರು ದೋಣಿಯಲ್ಲಿ ಬಂದು ನೆಲ ಅಳೆದರು. ಗಡಿಕಲ್ಲು ನೆಡಲು ಹೋದಾಗ ಕಲ್ಲು ಕೈಜಾರಿ ನೀರಿಗೆ ಬಿದ್ದು ಕಾಣದಾಯಿತು. "ಕಲ್ಲನ್ನು ಆಳವಾಗಿ ನಾಟಲಾಗಿದೆ" ಎಂದು ಬರೆದುಕೊಂಡು ಮುಂದಿನ ಕಲ್ಲಿಗೆ ಹೋದರು. ವಾರ ಕಳೆಯುವುದರಲ್ಲಿ ಊರಿನ ಗೋಡೆಗಳ ಮೇಲೆಲ್ಲ ಚೀಟಿ ಅಂಟಿದವು: "ಸಮುದ್ರ ನೋಟದ ನಿವೇಶನ ಹಳೆಯ ಮಾತಾಯಿತು! ಇದೋ, ಸಮುದ್ರದಲ್ಲೇ ನಿವೇಶನ! ನೆರೆಹೊರೆಯವರ ಕಾಟವಿಲ್ಲ, ಬೋರ್‌ವೆಲ್ ಕೊರೆಸುವ ತಾಪತ್ರಯವಿಲ್ಲ!"

ಜನ ಮುಗಿಬಿದ್ದರು. ಭಾನುವಾರಗಳಲ್ಲಿ ಹೆಂಡತಿ ಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಬಂದು, ಅಲೆಯತ್ತ ಕೈ ತೋರಿಸಿ, ಇಲ್ಲಿ ಅಡುಗೆಮನೆ, ಇಲ್ಲಿ ಪಡಸಾಲೆ ಎಂದು ವಿವರಿಸಿ ಹೋಗುತ್ತಿದ್ದರು.

ಸೋನಾರಕ್ಕನ ಮೈದುನನೂ ಒಂದು ನಿವೇಶನ ಹಿಡಿದ. ಮೂಲೆಯದು. ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ: "ಅತ್ತಿಗೆ, ನೀವು ದಿನಾ ಅಲ್ಲೇ ಇರ್ತೀರಲ್ಲ, ನೆಲ ಹೇಗಿದೆ? ಗಟ್ಟಿ ಇದೆಯಾ?"

"ಅದು ನೀರು ಕಣೋ."

"ಅಯ್ಯೋ, ಅದು ನಂಗೂ ಗೊತ್ತು ಅತ್ತಿಗೆ. ಈಗ ನೀರೇ. ನೀರಿರೋವಾಗಲೇ ಹಿಡ್ಕೋಬೇಕು. ನೆಲ ಆದ್ಮೇಲೆ ನಮ್ಮಂಥೋರ ಕೈಗೆ ಸಿಗುತ್ತಾ?"

"ಯಂತ್ರ ಕೆಟ್ಟಿದೆ ಕಣಪ್ಪ. ಮುಖಕ್ಕೆ ಚಿಪ್ಪು ಕಚ್ಚಿದೆ ಅಷ್ಟೇ."

ಮೈದುನ ಆಚೀಚೆ ನೋಡಿ ದನಿ ತಗ್ಗಿಸಿದ. "ಈ ಮಾತು ಹೊರಗೆ ಆಡ್ಬೇಡಿ ಅತ್ತಿಗೆ. ರೇಟು ಬಿದ್ದೋಗುತ್ತೆ."

ಸೋನಾರಕ್ಕ ಅಂದು ಅರ್ಧ ಊಟಕ್ಕೇ ಎದ್ದಳು. ಆ ಯಂತ್ರವನ್ನು ಅವಳು ಮಗುವಿನಂತೆ ಒರೆಸಿ ಎಣ್ಣೆಬಿಟ್ಟು ಇಟ್ಟಿದ್ದವಳು. ಸುಳ್ಳು ಹೇಳುವ ಜಾಯಮಾನ ಅದರದ್ದಲ್ಲ. ಈಗ ಊರಿಗೆ ಊರೇ ಅದರ ಹೆಸರು ಹೇಳಿಕೊಂಡು ನೀರು ಮಾರುತ್ತಿತ್ತು. ಅತ್ತ ಕಂದಕದ ಮೇಷ್ಟ್ರು ಅರ್ಜಿ ಬರೆದೂ ಬರೆದೂ ಸೋತು, ದಿನವೂ ಹಡಗಿಗೆ ಬಂದು ಕೈಕಟ್ಟಿ ಕೂತುಬಿಡುತ್ತಿದ್ದರು. ಅವರ ಅರ್ಜಿಗೆಲ್ಲ ಒಂದೇ ಉತ್ತರ: "ತಾವು ಕೋರಿರುವ ನೌಕೆಯು ಇಲಾಖೆಯಲ್ಲಿ ಲಭ್ಯವಿರುವುದಿಲ್ಲ. ಕಟ್ಟಡ ಲಭ್ಯವಿದೆ. ಬೇಕಿದ್ದಲ್ಲಿ ತಿಳಿಸುವುದು."

ಎಲ್ಲರಿಗಿಂತ ಹೆಚ್ಚು ನೊಂದವರು ಕಪ್ತಾನರು. ಕಟ್ಟಡಕ್ಕೆ ಕಪ್ತಾನ ಇರುವುದಿಲ್ಲವಾದ್ದರಿಂದ ಅವರನ್ನು ಕಟ್ಟಡ ಪಾಲಕ ಎಂದು ಮರುನೇಮಕ ಮಾಡಲಾಗಿತ್ತು. ಬಿಳಿ ಟೋಪಿ ವಾಪಸ್ ಪಡೆದು ಬೀಗದಕೈ ಗೊಂಚಲು ಕೊಟ್ಟಿದ್ದರು. ಅವರು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರೊಂದಿಗೂ ಮಾತಾಡದೆ, ಪತ್ರಿಕೆಯ ಪದಬಂಧ ತುಂಬುತ್ತ ಕೂತಿರುತ್ತಿದ್ದರು.

ಈ ನಡುವೆ ಹೊಸ ಕಟ್ಟಡದಲ್ಲಿ ಗಾಳಿ ಚೆನ್ನಾಗಿ ಬರುತ್ತದೆಂದು ತಿಳಿದ ಉಪನಿರ್ದೇಶಕರು ತಮ್ಮ ಕಚೇರಿಯನ್ನೇ ಅಲ್ಲಿಗೆ ಬದಲಾಯಿಸಿದರು. ಗುಂಡುಸೂಜಿಗಳನ್ನು ಮಾತ್ರ ಕೇಂದ್ರ ಕಚೇರಿಯಲ್ಲೇ ಬಿಟ್ಟು ಬಂದರು. ಕಪ್ತಾನರ ಕೋಣೆ ಅವರದಾಯಿತು. ಬಂದ ದಿನವೇ ಹಡಗಿನಿಂದ ಕಟ್ಟೆಗೆ ಬಿಗಿದಿದ್ದ ತೋಳು ದಪ್ಪದ ಹಗ್ಗಗಳು ಅವರ ಕಣ್ಣಿಗೆ ಬಿದ್ದವು.

"ಇದೇನಮ್ಮ ಅಸಹ್ಯ? ಕಟ್ಟಡಕ್ಕೆ ಯಾರಾದ್ರೂ ಹಗ್ಗ ಕಟ್ತಾರಾ? ಅದೇನು ಎಮ್ಮೆನಾ?"

ಸರ್ಕಾರಿ ಕಟ್ಟಡವನ್ನು ಕಟ್ಟಿಹಾಕುವುದು ಇಲಾಖೆಯ ಘನತೆಗೆ ಕುಂದು ತರುವುದರಿಂದ ಹಗ್ಗಗಳನ್ನು ಬಿಚ್ಚಿ ಹರಾಜು ಹಾಕತಕ್ಕದ್ದು ಎಂದು ಆದೇಶವಾಯಿತು. ಹರಾಜಿನಲ್ಲಿ ಹಗ್ಗಗಳು ಉಪನಿರ್ದೇಶಕರ ಷಡ್ಡಕರಿಗೇ ಹೋದವು. ಹಡಗು ಎಲ್ಲಾದರೂ ತೇಲಿ ಹೋದೀತೆಂದು ಕಪ್ತಾನರು ಯಾರಿಗೂ ಹೇಳದೆ ಒಂದು ಲಂಗರು ಬಿಟ್ಟು ನಿಲ್ಲಿಸಿಕೊಂಡರು.

ಮರುದಿನ ಅವರು ಪದಬಂಧ ಮಡಿಚಿಟ್ಟು, ಮೇಷ್ಟ್ರೂ ಸೋನಾರಕ್ಕನೂ ಚಹಾ ಕುಡಿಯುತ್ತ ಕೂತಿದ್ದ ಕಡೆ ಬಂದರು.

"ಮೇಷ್ಟ್ರೇ, ಹಡಗು ಹೊರಡೋಕೆ ಎಷ್ಟು ಜನರ ಸಹಿ ಬೇಕು?"

"ಆ ಗಾಯಕ್ಕೆ ಯಾಕಪ್ಪ ಕೋಲು ಹಾಕ್ತೀರಿ?" ಎಂದರು ಮೇಷ್ಟ್ರು.

"ಕಟ್ಟಡ ಹೊರಡೋಕೆ?"

ಇಬ್ಬರೂ ಅವರತ್ತ ತಿರುಗಿದರು.

"ರಾತ್ರಿಯೆಲ್ಲ ಕೂತು ಕಾಯಿದೆ ಓದ್ದೆ," ಎಂದರು ಕಪ್ತಾನರು. "ಕಟ್ಟಡದ ಮೇಲೆ ಹೆಚ್ಚುವರಿ ಅಂತಸ್ತು ಕಟ್ಟಬಾರದು ಅಂತಿದೆ. ರಸ್ತೆ ಕಡೆಗೆ ಮೆಟ್ಟಿಲು ಚಾಚಬಾರದು ಅಂತಿದೆ. ಕಟ್ಟಡ ಊರು ಬಿಟ್ಟು ಹೋಗಬಾರದು ಅಂತ ಎಲ್ಲೂ ಇಲ್ಲ. ಯಾರಿಗೂ ಆ ಯೋಚನೆನೇ ಬಂದಿಲ್ಲ."

ಕಂದಕದ ಮೇಷ್ಟ್ರು ತಟ್ಟನೆ ಎದ್ದದ್ದಕ್ಕೆ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ಅವರು ಒರೆಸಿಕೊಳ್ಳಲೂ ಇಲ್ಲ.

ಸೋನಾರಕ್ಕ ನಿಧಾನವಾಗಿ ಹೇಳಿದಳು: "ಕಟ್ಟಡದ ಗೋಡೆ ತೊಳೆಸಬಹುದಲ್ವಾ?"

ತೊಳೆಸಬಹುದಿತ್ತು. ಹಡಗಿನ ತಳ ಕೆರೆಸುವುದಕ್ಕೆ ಅವಕಾಶವಿರಲಿಲ್ಲವೇ ಹೊರತು, ಕಟ್ಟಡದ ಹೊರಗೋಡೆಯ ವಾರ್ಷಿಕ ಸ್ವಚ್ಛತೆ ಕಡ್ಡಾಯವೇ ಆಗಿತ್ತು. ಬೇಡಿಕೆ ಹೋದ ದಿನವೇ ಮಂಜೂರಾಯಿತು. ನೀರಿಗಿಳಿದು ಕೆರೆಯುವವನೊಬ್ಬ ಬಂದು, ಗೋಡೆ ತೊಳೆಯುವವನೆಂದು ರುಜು ಹಾಕಿ, ಕನ್ನಡಕ ಕೊಳವೆ ಕಟ್ಟಿಕೊಂಡು ಗೋಡೆಯ ಕೆಳಕ್ಕೆ ಮುಳುಗಿದ. ಮಧ್ಯಾಹ್ನದ ಊಟದೊಳಗೆ ಚಿಪ್ಪೆಲ್ಲ ಉದುರಿತು. ಹಾಗೆಯೇ ಎಂಜಿನ್ನಿಗೆ ಎಣ್ಣೆ ಕೊಡಲು ಬರುತ್ತಿರಲಿಲ್ಲ. ಕಟ್ಟಡದ ಜನರೇಟರಿಗೆ ಕೇಳಿದಷ್ಟು ಕೊಟ್ಟರು. ಇಷ್ಟು ದೊಡ್ಡ ಜನರೇಟರ್ ತಮ್ಮ ಕಚೇರಿಗಿದೆ ಎಂದು ತಿಳಿದು ಉಪನಿರ್ದೇಶಕರು ಹೆಮ್ಮೆಪಟ್ಟರು.

ಆದರೆ ಸೋನಾರಕ್ಕನಿಗೆ ಒಂದು ಅಳುಕಿತ್ತು. ಮುಖ ಸ್ವಚ್ಛವಾದ ಯಂತ್ರ ಈಗ ಆಳ ಒಂಬತ್ತು ಮೀಟರ್ ಎನ್ನುತ್ತಿತ್ತು. ವರದಿ ಮಾಡದೆ ಬಿಡುವುದು ಅವಳ ಸ್ವಭಾವವಲ್ಲ. ವರದಿ ಮಾಡಿದರೆ ನೆಲ ಹೋಗಿ ಮತ್ತೆ ನೀರಾಗುತ್ತದೆ, ಕಟ್ಟಡ ಹೋಗಿ ಮತ್ತೆ ಹಡಗಾಗುತ್ತದೆ, ಹಡಗಾದರೆ ಮತ್ತೆ ಅಷ್ಟೂ ಸಹಿಗಳಿಲ್ಲದೆ ಹೊರಡುವಂತಿಲ್ಲ. ಕಡೆಗೆ ಧೈರ್ಯ ಮಾಡಿ ಉಪನಿರ್ದೇಶಕರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಕಟ್ಟಡದ ಕೆಳಗೆ ಒಂಬತ್ತು ಮೀಟರ್?" ಅವರು ಕಣ್ಣು ಮುಚ್ಚಿ ಯೋಚಿಸಿದರು. "ಅದಕ್ಕೆ ನೆಲಮಾಳಿಗೆ ಅಂತಾರಮ್ಮ."

"ಪೂರ್ತಿ ನೀರಿದೆ ಸಾರ್."

"ಯಾವ ಸರ್ಕಾರಿ ನೆಲಮಾಳಿಗೇಲಿ ನೀರಿಲ್ಲ ಹೇಳಿ?"

ಅಂದಿನಿಂದ ಸೋನಾರಕ್ಕ ದಿನವೂ ನೆಲಮಾಳಿಗೆಯ ಆಳ ಬರೆದು ಅವರ ಸಹಿ ಪಡೆಯಬೇಕೆಂದು ಆಯಿತು.

ಕಟ್ಟಡ ಹೊರಟದ್ದು ಒಂದು ಸೋಮವಾರ, ಹಾಡಹಗಲು, ಎಲ್ಲರೂ ಹಾಜರಿ ಹಾಕಿದ ಮೇಲೆ. ಕಪ್ತಾನರು ಬೀಗದಕೈ ಗೊಂಚಲನ್ನು ಮೊಳೆಗೆ ನೇತುಹಾಕಿ, ಲಂಗರೆತ್ತಿ, ಜನರೇಟರ್ ಚಾಲೂ ಮಾಡಿದರು. ಬಂದರಿನ ಬಾಯಲ್ಲಿದ್ದ ಕಾವಲುಗಾರ ಗೋಪುರದಿಂದ ಕೂಗಿದ:

"ಯಾವ ಹಡಗು? ಪಾಸ್ ಎಲ್ಲಿ?"

"ಹಡಗಲ್ಲಪ್ಪ, ಕಟ್ಟಡ!" ಎಂದು ಕಪ್ತಾನರೂ ಕೂಗಿದರು.

ಕಾವಲುಗಾರ ದುರ್ಬೀನಿನಲ್ಲಿ ಮೂತಿಯ ಮೇಲಿನ ಮನೆಸಂಖ್ಯೆ ಓದಿದ. ಪಟ್ಟಿಯಲ್ಲಿ ಹುಡುಕಿದ. ಹಡಗುಗಳ ಪಟ್ಟಿಯಲ್ಲಿ ಅದು ಇರಲಿಲ್ಲ. "ಕಟ್ಟಡಕ್ಕೆ ಪಾಸ್ ಬೇಡ, ಹೋಗಿ," ಎಂದು ಕೈಬೀಸಿದ.

ಅಲೆ ಶುರುವಾಯಿತು. ಸೋನಾರಕ್ಕ ಕಂಬಿ ಹಿಡಿದು ನಿಂತಳು. ಕಾಲ ಕೆಳಗಿನ ನೆಲ ಉಸಿರಾಡಿದಂತೆ ಮೇಲೆದ್ದು ಕೆಳಗಿಳಿಯುತ್ತಿತ್ತು. ಇಷ್ಟು ವರ್ಷ ದಿನವೂ ಹತ್ತಿ ಇಳಿದ ಹಡಗು ಇದೇನಾ ಎನಿಸಿ ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಷ್ಟರಲ್ಲಿ ಕೋಣೆಯಿಂದ ಗಂಟೆ ಕೇಳಿಸಿತು. ಹೋಗಿ ನೋಡಿದರೆ ಉಪನಿರ್ದೇಶಕರು ಮೇಜನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು.

"ಕಟ್ಟಡ ಸ್ವಲ್ಪ ಅಲುಗಾಡ್ತಾ ಇದೆಯಲ್ಲಮ್ಮ. ಕಟ್ಟಿದೋರು ಯಾರು? ನೋಟಿಸ್ ಕೊಡಿ ಅವರಿಗೆ."

"ಕೊಡ್ತೀನಿ ಸಾರ್."

ಅವರು ಕಿಟಕಿಯತ್ತ ತಿರುಗಿದರು. "ಅಲ್ಲಿ ಗೋದಾಮಿತ್ತು. ಮೀನು ಹರಾಜಿನ ಕಟ್ಟೆ ಇತ್ತು. ಎಲ್ಲ ಎಲ್ಲಿಗೆ ಹೋದವು?"

ಸೋನಾರಕ್ಕ ಬಾಯಿ ತೆರೆಯುವ ಮೊದಲೇ ಅವರ ಮುಖ ಅರಳಿತು. "ಒತ್ತುವರಿ ತೆರವು! ಕಚೇರಿ ಮುಂದೆ ಏನೂ ಅಡ್ಡ ಇರಬಾರದು ಅಂತ ಮೊನ್ನೆ ತಾನೇ ಬರೆದಿದ್ದೆ. ಇಷ್ಟು ಬೇಗ ಕ್ರಮ ಆಗುತ್ತೆ ಅಂದ್ಕೊಂಡಿರಲಿಲ್ಲ."

ಆಮೇಲೆ ಅವರಿಗೆ ವಾಂತಿಯಾಯಿತು. ಕ್ಯಾಂಟೀನಿನ ಅಡುಗೆಯ ಮೇಲೆ ತನಿಖೆಗೆ ಆದೇಶಿಸಿ ಮಲಗಿದರು.

ಹೀಗೆ ದಿನಗಳು ಕಳೆದವು. ಸೋನಾರಕ್ಕ ಪ್ರತಿದಿನ ಆಳ ಬರೆದು ಒಯ್ಯುತ್ತಿದ್ದಳು. ಉಪನಿರ್ದೇಶಕರು ಮಲಗಿದಲ್ಲಿಂದಲೇ ಸಹಿ ಹಾಕುತ್ತಿದ್ದರು. ನೆಲಮಾಳಿಗೆ ಮೊದಲು ನೂರು ಮೀಟರಾಯಿತು, ಆಮೇಲೆ ಸಾವಿರವಾಯಿತು. ಎರಡು ಸಾವಿರ ದಾಟಿದ ದಿನ ಅವರು ಅಂಕಿಯನ್ನು ಎರಡು ಸಲ ಓದಿ ಸಹಿ ಹಾಕಿದರು.

ಆ ಸಂಜೆ ಅವರು ಎದ್ದು, ಗೋಡೆ ಹಿಡಿದುಕೊಂಡು, ಮೊದಲ ಸಲ ಹೊರಗೆ ಬಂದರು. ಸುತ್ತಲೂ ನೀರು, ನೀರಿನ ಅಂಚಿಗೆ ಸೂರ್ಯ ಇಳಿಯುತ್ತಿದ್ದ. ಸೋನಾರಕ್ಕನ ಪಕ್ಕದಲ್ಲಿ ಕಂಬಿಗೆ ಆನಿಕೊಂಡು ನಿಂತರು.

"ಅಮ್ಮ, ನಾವು ಹೋಗ್ತಾ ಇದ್ದೀವಾ?"

ಸೋನಾರಕ್ಕ ಅವರ ಮುಖ ನೋಡಿದಳು. ಸುಳ್ಳು ಬಾಯಿಗೆ ಬರಲಿಲ್ಲ. "ಹೌ..."

"ಹೇಳಬೇಡಿ," ಎಂದರು ಅವಸರದಿಂದ. "ನೀವು ಹೇಳಿದ್ರೆ ನಂಗೆ ಗೊತ್ತಾಗುತ್ತೆ. ಗೊತ್ತಾದ್ರೆ ನಾನು ನಿಲ್ಲಿಸಬೇಕಾಗುತ್ತೆ." ಸ್ವಲ್ಪ ಹೊತ್ತು ಗಾಳಿಗೆ ಮುಖವೊಡ್ಡಿದರು. "ಈ ಇಲಾಖೆಗೆ ಸೇರಿದಾಗ ನಂಗೆ ಇಪ್ಪತ್ನಾಲ್ಕು ವರ್ಷ. ಸಮುದ್ರ ನೋಡಬಹುದು ಅಂತಾನೇ ಸೇರಿದ್ದು."

ಇಬ್ಬರೂ ಸೂರ್ಯ ಮುಳುಗುವವರೆಗೆ ನಿಂತಿದ್ದರು. ಆಮೇಲೆ ಉಪನಿರ್ದೇಶಕರು, "ಕಟ್ಟಡದ ಪಶ್ಚಿಮ ದಿಕ್ಕಿನ ಬೆಳಕಿನ ವ್ಯವಸ್ಥೆ ತೃಪ್ತಿಕರವಾಗಿದೆ," ಎಂದು ಹೇಳಿ ಒಳಗೆ ಹೋದರು.

ಕಂದಕ ಸಿಕ್ಕಿದ್ದು ಮರುದಿನ. ಬೆಳಗಿನಿಂದ ಸಪಾಟಾಗಿದ್ದ ತಳದ ಗೆರೆ ಪರದೆಯ ಮೇಲೆ ಒಮ್ಮೆಲೇ ಕುಸಿಯಿತು. ಸದ್ದು ಹೋಯಿತು, ಮರಳಲಿಲ್ಲ. ಸೋನಾರಕ್ಕ ಪರದೆಗೆ ಮುಖ ಹತ್ತಿರ ತಂದಳು. ಬಹಳ ಹೊತ್ತಾದ ಮೇಲೆ, ದೂರದಿಂದ ಯಾರೋ ಕರೆದಂತೆ, ಸಣ್ಣಗೆ ಮರಳಿತು. ಆರು ಸಾವಿರ ಮೀಟರ್. ಮತ್ತೆ ಬಿಟ್ಟಳು. ಏಳು ಸಾವಿರ. ಗೆರೆ ಇಳಿಯುತ್ತಲೇ ಹೋಯಿತು. ಎರಡೂ ಕಡೆ ಗೋಡೆಗಳು ಮೂಡಿದವು, ನಡುವೆ ಬಾಯ್ದೆರೆದ ಕತ್ತಲು.

ಮೇಷ್ಟ್ರು ಕನ್ನಡಕ ತೆಗೆದು, ಅಂಗಿಯಂಚಿನಲ್ಲಿ ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. "ಬೊಗಳೆ ಅಲ್ಲ," ಎಂದರು. ಅಷ್ಟೇ. ಆಮೇಲೆ ಕುರ್ಚಿಯಲ್ಲಿ ಕೂತು, ನೆಂಟರ ಮನೆಯಲ್ಲಿ ಮೊಮ್ಮಗುವನ್ನು ಮೊದಲ ಸಲ ನೋಡುವ ಅಜ್ಜನ ಹಾಗೆ, ಪರದೆಯನ್ನೇ ನೋಡುತ್ತ ಉಳಿದರು.

ಉಪನಿರ್ದೇಶಕರೂ ಬಂದು ಇಣುಕಿದರು. ಇಷ್ಟು ದೊಡ್ಡ ನೆಲಮಾಳಿಗೆ ಬೇರೆ ಯಾವ ಇಲಾಖೆಗೂ ಇಲ್ಲವೆಂದು ಅಭಿಪ್ರಾಯಪಟ್ಟು ಸಹಿ ಹಾಕಿದರು. ಸಹಿ ಯಾವತ್ತಿಗಿಂತ ದೊಡ್ಡದಾಗಿತ್ತು.

ಅವರು ಮರಳಿದಾಗ ಬಂದರಿನಲ್ಲಿ ಎಲ್ಲವೂ ಸುಸೂತ್ರವಾಗಿತ್ತು. ಕಟ್ಟಡ ಇಲ್ಲದಿದ್ದ ಅವಧಿಯಲ್ಲಿ ಇಬ್ಬರು ಪರಿವೀಕ್ಷಕರು ಬಂದು, ಅದರ ಜಾಗದಲ್ಲಿ ನೀರು ನೋಡಿ, "ಭೇಟಿ ಸಮಯದಲ್ಲಿ ಬಾಗಿಲು ಹಾಕಿತ್ತು" ಎಂದು ಬರೆದು ಹೋಗಿದ್ದರು. ಕಸ ಗುಡಿಸುವವನು ದಿನವೂ ಕಟ್ಟೆಯ ಅಂಚಿಗೆ ಬಂದು ಪೊರಕೆ ಆಡಿಸಿ ಹಾಜರಿ ಹಾಕಿಸಿಕೊಂಡಿದ್ದ.

ತೊಂದರೆಯಾದದ್ದು ಮೇಷ್ಟ್ರ ವರದಿಗೆ. ಸಮುದ್ರತಳ ವಿಭಾಗದವರು ಅದನ್ನು ಮುಟ್ಟಲೇ ಇಲ್ಲ. "ನೌಕೆಯೇ ಇಲ್ಲದ ಮೇಲೆ ಸಮುದ್ರತಳ ಎಲ್ಲಿಂದ ಬಂತು ಸ್ವಾಮಿ?" ಎಂದು ಕೇಳಿದರು. ಮೇಷ್ಟ್ರು ನಕ್ಷೆ ತೋರಿಸಿದರು. ನಕ್ಷೆ ಚೆನ್ನಾಗಿದೆಯೆಂದೂ ವಿಭಾಗ ತಮ್ಮದಲ್ಲವೆಂದೂ ತಿಳಿಸಿದರು. ಮೇಷ್ಟ್ರು ಬೀದಿಯಲ್ಲಿ ನಿಂತುಬಿಟ್ಟರು. ನಕ್ಷೆಯ ಸುರುಳಿ ಅವರ ಕಂಕುಳಲ್ಲಿ ನಜ್ಜುಗುಜ್ಜಾಗುತ್ತಿತ್ತು. ಆಗ ಸೋನಾರಕ್ಕ ಅದನ್ನು ಕೈಗೆ ತೆಗೆದುಕೊಂಡು, ಮೇಲಿದ್ದ "ಕಂದಕ" ಎಂಬ ಪದವನ್ನು ಹೊಡೆದು "ನೆಲಮಾಳಿಗೆ" ಎಂದು ಬರೆಯಹೊರಟು ಮೇಷ್ಟ್ರ ಮುಖ ನೋಡಿದಳು.

"ಕಂದಕ ಅಂತ ಇರಲಿ ಅಂದ್ರೆ ಮನೇಲೇ ಇರುತ್ತೆ ಮೇಷ್ಟ್ರೇ. ಲೋಕ ನೋಡ್ಬೇಕು ಅಂದ್ರೆ..."

"ಬರೀಮ್ಮ," ಎಂದರು ಮೇಷ್ಟ್ರು. "ಹೆಸರೇನಾದ್ರೂ ಇರಲಿ. ಆಳ ಸರಿಯಾಗಿ ಬರೀ."

ಕಟ್ಟಡ ನಿರ್ವಹಣಾ ವಿಭಾಗದವರು ವರದಿಯನ್ನು ಎರಡೂ ಕೈಯಿಂದ ಸ್ವೀಕರಿಸಿದರು. ಅವರ ಪತ್ರಿಕೆಯಲ್ಲಿ ಅದು ಪೂರ್ತಿ ಅಚ್ಚಾಯಿತು. ಸಮಾರಂಭ ಮಾಡಿ, ಸರ್ಕಾರಿ ಕಟ್ಟಡವೊಂದರ ಇಷ್ಟು ತಳಸ್ಪರ್ಶಿಯಾದ ಅಧ್ಯಯನ ಹಿಂದೆಂದೂ ನಡೆದಿಲ್ಲವೆಂದು ಹೊಗಳಿ, ಮೇಷ್ಟ್ರಿಗೆ ಶಾಲು ಹೊದಿಸಿದರು. ದೂರದೂರದ ವಿಜ್ಞಾನಿಗಳು ಆ ನೆಲಮಾಳಿಗೆಯ ಬಗ್ಗೆ ಕೇಳಿ ಬರೆಯತೊಡಗಿದರು. ಅವರ ಊರಿನ ಇಲಾಖೆಗಳಲ್ಲೂ ಹೀಗೆಯೇ ಇದ್ದಿರಬೇಕು. ಆ ಪದಕ್ಕೆ ಯಾರೂ ಹುಬ್ಬೇರಿಸಲಿಲ್ಲ. ಮೇಷ್ಟ್ರು ನಿವೃತ್ತರಾಗಿ, ಕಟ್ಟಡದಲ್ಲಿ ಕೋಣೆ ಬಾಡಿಗೆಗೆ ಹಿಡಿದು, ಅದು ಹೋದಲ್ಲಿಗೆಲ್ಲ ಹೋಗುವವರಾದರು. ಕಪ್ತಾನರಿಗೆ ಟೋಪಿ ಮರಳಿ ಸಿಗಲಿಲ್ಲ. ಅತ್ಯುತ್ತಮ ಕಟ್ಟಡ ಪಾಲಕ ಪ್ರಶಸ್ತಿ ಸಿಕ್ಕಿತು.

ವರದಿಯ ಕೊನೆಯ ಸಾಲನ್ನು ಮೇಲಧಿಕಾರಿಗಳು ಗಂಭೀರವಾಗಿ ತೆಗೆದುಕೊಂಡರು. ನೆಲಮಾಳಿಗೆಯಲ್ಲಿ ಭಾರೀ ಪ್ರಮಾಣದ ನೀರು ನಿಂತಿದೆ ಎಂದು ಅದರಲ್ಲಿತ್ತು. ಸದರಿ ನೀರನ್ನು ಖಾಲಿ ಮಾಡಿಸುವ ಸಲುವಾಗಿ ಒಂದು ಪಂಪ್ ಮಂಜೂರಾಯಿತು. ಪಂಪಿಗೂ ಸೋನಾರಕ್ಕನೇ ಹೊಣೆ. ಕಟ್ಟಡದ ಎಡಮಗ್ಗುಲಿನಿಂದ ನೀರು ಎತ್ತಿ ಬಲಮಗ್ಗುಲಿಗೆ ಬಿಡುವುದು. ಬೇರೆ ಕಡೆ ಬಿಡಲು ಜಾಗವಿರಲಿಲ್ಲ. ಮೊದಲ ದಿನ ಗುಂಡಿ ಒತ್ತುವಾಗ ಅವಳಿಗೆ ಯಾರಾದರೂ ನೋಡಿಯಾರು ಎಂಬ ನಾಚಿಕೆಯಿತ್ತು. ಆಮೇಲೆ ಗೊತ್ತಾಯಿತು, ಪಂಪ್ ಇರುವವರೆಗೆ, ನೀರು ಎಷ್ಟು ಇಳಿಯಿತೆಂದು ನೋಡಲು, ಕಟ್ಟಡ ವರ್ಷವರ್ಷವೂ ನೆಲಮಾಳಿಗೆ ತಪಾಸಣೆಗೆ ಹೊರಡಲೇಬೇಕು. ಹೊಸ ಹೊಸ ನೆಲಮಾಳಿಗೆಗಳು ಸಿ‌ಗುತ್ತಿದ್ದವು. ನಾಚಿಕೆ ತಾನಾಗಿ ಬಿಟ್ಟುಹೋಯಿತು.

ಪಂಪ್ ಸುದ್ದಿ ಹಬ್ಬಿ ನಿವೇಶನಗಳ ಬೆಲೆ ಮತ್ತೆ ಗಗನಕ್ಕೇರಿತು. ಒಂದು ಭಾನುವಾರ ಮೈದುನ ಹೆಂಡತಿಯನ್ನು ಕೂರಿಸಿಕೊಂಡು ದೋಣಿಯಲ್ಲಿ ಬಂದು, ತನ್ನ ಮೂಲೆ ನಿವೇಶನದ ಮೇಲೆ ನಿಂತು, ಕೈ ಬಾಯಿಗೆ ಹಿಡಿದು ಕೂಗಿದ:

"ಅತ್ತಿಗೇ! ನೀರು ಎಷ್ಟು ಇಳೀತು?"

ಸೋನಾರಕ್ಕ ಪಂಪಿನ ನಳಿಕೆ ಸರಿಮಾಡುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು:

"ಇಳೀತಾ ಇದೆ ಕಣೋ. ಒಂದೇ ಸಲಕ್ಕೆ ಆಗುತ್ತಾ?"